ಕಾರವಾರದ ಕಡೆಗೆ ಮಾತ್ರ ಕೂಗುವ ಗಾಡಿ

ಅಂಕೋಲಾದ ಬಾಳೆಗುಳಿ ಕ್ರಾಸಿನಿಂದ ಮಧ್ಯಾಹ್ನ ಮೂರರ ಹೊತ್ತಿಗೆ ಖಾಲಿ ಪಿಕಪ್ ಒಂದು ಕಾರವಾರದ ಕಡೆ ಹೊರಟಿದೆ ಅಂತಿಟ್ಟುಕೊಳ್ಳಿ. ಕ್ಯಾಬಿನ್ನಿನ ಮೇಲೆ ಕಬ್ಬಿಣದ ಪೈಪಿನ ಕ್ಯಾರಿಯರ್ ಇದೆ. ಅವರ್ಸಾ ದಾಟಿ ಮುಳ್ಳು ಎಪ್ಪತ್ತಕ್ಕೆ ಬಂತೋ ಇಲ್ಲವೋ, ನೆತ್ತಿಯ ಮೇಲೆ ‘ಹೂಂ’ ಎನ್ನುವ ಏಕನಾದ ಶುರುವಾಗುತ್ತದೆ. ವೇಗ ಏರಿದಂತೆ ಸ್ವರವೂ ಏರುತ್ತದೆ. ಅಮದಳ್ಳಿ, ಅರ್ಗಾ, ಬಿಣಗಾ ದಾಟಿ ಸುರಂಗ ಹೊಕ್ಕರಂತೂ ಪಕ್ಕದಲ್ಲಿ ಕೂತವನ ಮಾತು ಕೇಳುವುದಿಲ್ಲ. ಕೆಲಸ ಮುಗಿಸಿ ಅದೇ ಗಾಡಿ, ಅದೇ ಖಾಲಿ ಕ್ಯಾರಿಯರ್, ಅದೇ ಎಪ್ಪತ್ತರ ವೇಗದಲ್ಲಿ ವಾಪಸ್ ಹೊರಟರೆ ಸದ್ದೇ ಇಲ್ಲ. “ಕಾರವಾರಕ್ಕೆ ಹೋಗುವಾಗ ಮಾತ್ರ ಕೂಗ್ತದೆ ಮಾರಾಯಾ” ಎಂದು ಡ್ರೈವರ್ ಗ್ಯಾರೇಜಿನಲ್ಲಿ ಹೇಳಿಕೊಂಡರೆ ಮೇಸ್ತ್ರಿ ನಕ್ಕುಬಿಡುತ್ತಾನೆ. ನಗುವಂಥದ್ದೇನಿಲ್ಲ. ಡ್ರೈವರ್ ಹೇಳುತ್ತಿರುವುದು ನಿಜ.

ನಕ್ಷೆ ಬಿಡಿಸಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕರಾವಳಿಯ ಹೆದ್ದಾರಿ ಉತ್ತರ-ದಕ್ಷಿಣವಾಗಿ ಓಡುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅಂಕೋಲಾದಿಂದ ಕಾರವಾರದವರೆಗಿನ ಸುಮಾರು 35 ಕಿ.ಮೀ.ನಲ್ಲಿ ಮಾತ್ರ ರಾಷ್ಟ್ರೀಯ ಹೆದ್ದಾರಿ 66, ಗುಡ್ಡ ಬಳಸುವ ತಿರುವುಗಳನ್ನು ಬಿಟ್ಟರೆ, ಒಟ್ಟಾರೆ ವಾಯವ್ಯಕ್ಕೆ ಮುಖ ಮಾಡಿದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಕಡಲಗಾಳಿ ಬೀಸುವುದೂ ಪಶ್ಚಿಮ-ವಾಯವ್ಯದಿಂದಲೇ. ಹೀಗಾಗಿ ಕಾರವಾರಕ್ಕೆ ಹೋಗುವ ಗಾಡಿಗೆ ಅದು ಎದುರುಗಾಳಿ, ಬರುವ ಗಾಡಿಗೆ ಹಿಂಗಾಳಿ. ಗಾಡಿ ಗಂಟೆಗೆ 70 ಕಿ.ಮೀ., ಗಾಳಿ 20 ಕಿ.ಮೀ. ಇದ್ದರೆ ಹೋಗುವಾಗ ಕ್ಯಾರಿಯರಿನ ಪೈಪಿಗೆ ಬಡಿಯುವುದು 90ರ ಗಾಳಿ, ಬರುವಾಗ 50ರದ್ದು. ಸ್ಪೀಡೋಮೀಟರಿಗೆ ಈ ಲೆಕ್ಕ ಗೊತ್ತಿಲ್ಲ, ಪೈಪಿಗೆ ಗೊತ್ತು.

ತೊಂಬತ್ತಕ್ಕೂ ಐವತ್ತಕ್ಕೂ ಇರುವ ಅಂತರ ಎರಡು ಪಟ್ಟೂ ಅಲ್ಲವಲ್ಲ, ಸದ್ದು ಪೂರ್ತಿ ಅಡಗುವಷ್ಟು ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೇಳಬಹುದು. ಗಾಳಿಯ ಸದ್ದಿನ ವಿಚಿತ್ರ ಇರುವುದೇ ಇಲ್ಲಿ. ಘನವಸ್ತುವಿಗೆ ಗಾಳಿ ತಾಗಿ ಹುಟ್ಟುವ ಸದ್ದಿನ ಶಕ್ತಿ ವೇಗದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ ಎಂದು ಎನ್. ಕರ್ಲ್ ಎಂಬ ಬ್ರಿಟಿಷ್ ಗಣಿತಜ್ಞ 1955ರಲ್ಲಿ ತೋರಿಸಿಕೊಟ್ಟರು. ವೇಗ ದುಪ್ಪಟ್ಟಾದರೆ ಸದ್ದಿನ ಶಕ್ತಿ 64 ಪಟ್ಟು. 50ರಿಂದ 90ಕ್ಕೆ ಏರಿದರೆ ಹತ್ತಿರ ಹತ್ತಿರ 34 ಪಟ್ಟು, ಡೆಸಿಬಲ್ಲಿನಲ್ಲಿ ಹೇಳುವುದಾದರೆ 15ರಷ್ಟು ಹೆಚ್ಚು. ಮರಳುವಾಗ ಸದ್ದು ನಿಂತಿರುವುದಿಲ್ಲ. ತಗ್ಗಿದ ಸ್ವರದಲ್ಲಿ, ಮೂವತ್ತನೇ ಒಂದು ಪಾಲಿಗಿಳಿದು, ಡೀಸೆಲ್ ಎಂಜಿನ್ನಿನ ಗುಡುಗುಡು ಮತ್ತು ಟೈರಿನ ಸದ್ದಿನೊಳಗೆ ಮುಳುಗಿರುತ್ತದೆ, ಅಷ್ಟೆ. ಮಳೆಗಾಲದ ನೈಋತ್ಯ ಗಾಳಿ ಬಂದಾಗ ಕಥೆ ಬೇರೆ. ಆಗ ಗಾಳಿ ರಸ್ತೆಗೆ ಅಡ್ಡ ಬೀಸುತ್ತದೆ. ಹೋಗುವಾಗಲೂ ಬರುವಾಗಲೂ ಕ್ಯಾರಿಯರ್ ಒಂದೇ ಥರ ಗೊಣಗುತ್ತದೆ.

ಹಾಗಾಗಿ ರಿಪೇರಿಗೆ ಮೊದಲು ಒಂದು ಮಾತು. ಬೆಳಿಗ್ಗೆ ಗಾಳಿ ಇಲ್ಲದ ಹೊತ್ತಿನಲ್ಲಿ ಪರೀಕ್ಷೆ ಮಾಡಿ ‘ಸರಿಹೋಯ್ತು’ ಅನ್ನಬೇಡಿ. ಮಧ್ಯಾಹ್ನ, ವಾಯವ್ಯಕ್ಕೆ ಮುಖ ಮಾಡಿ ಓಡಿಸಿ ನೋಡಿ.

ಗ್ಯಾರೇಜಿನ ಮೊದಲ ಮದ್ದು ಎಲ್ಲ ಕಡೆಯೂ ಒಂದೇ: ಬೋಲ್ಟು ಬಿಗಿ ಮಾಡುವುದು. ಸದ್ದು ಬಂದರೆ ಏನೋ ಸಡಿಲವಾಗಿದೆ ಎನ್ನುವುದು ಗಾಡಿ ರಿಪೇರಿಯಲ್ಲಿ ನೂರಕ್ಕೆ ತೊಂಬತ್ತು ಸಲ ಸರಿ. ಲೀಫ್ ಸ್ಪ್ರಿಂಗು, ಸೈಲೆನ್ಸರಿನ ಕ್ಲಾಂಪು, ಹಿಂಬಾಗಿಲ ಚಿಲಕ, ಎಲ್ಲಕ್ಕೂ ಅದೇ ನ್ಯಾಯ. ಗಾಳಿಯ ಸದ್ದಿಗೆ ಆ ನ್ಯಾಯ ನಡೆಯುವುದಿಲ್ಲ. ಇದನ್ನು 1878ರಲ್ಲೇ ಜರ್ಮನಿಯ ವ್ಯೂರ್ಟ್ಸ್‌ಬುರ್ಗಿನಲ್ಲಿ ಚೆಕ್ ವಿಜ್ಞಾನಿ ಸ್ಟ್ರೌಹಲ್ ಕಂಡುಕೊಂಡಿದ್ದರು. ಒಂದು ಚೌಕಟ್ಟಿಗೆ ತಂತಿ ಕಟ್ಟಿ, ಗಾಳಿಯಲ್ಲಿ ಗಿರಗಿರನೆ ತಿರುಗಿಸಿ, ಅದು ಹೊರಡಿಸುವ ಸ್ವರ ಯಾವುದೆಂದು ಅವರು ಅಳೆದರು. ವೀಣೆಯ ತಂತಿಯಾದರೆ ಬಿಗಿ ಮಾಡಿದಷ್ಟೂ ಸ್ವರ ಏರಬೇಕು. ಇಲ್ಲಿ ಹಾಗಾಗಲಿಲ್ಲ. ಬಿಗಿ ಮಾಡಿದರೂ ಸಡಿಲ ಬಿಟ್ಟರೂ, ಉದ್ದವೋ ಗಿಡ್ಡವೋ, ಯಾವ ಲೋಹದ್ದೋ, ಅದೊಂದೂ ಲೆಕ್ಕಕ್ಕೆ ಬರಲಿಲ್ಲ. ಸ್ವರ ನಿಂತಿದ್ದುದು ಎರಡೇ ಸಂಗತಿಗಳ ಮೇಲೆ: ಗಾಳಿಯ ವೇಗ ಮತ್ತು ತಂತಿಯ ದಪ್ಪ.

ಅಂದಿನಿಂದ ಇಂದಿನವರೆಗೂ ಆ ಲೆಕ್ಕ ಹಾಗೇ ಉಳಿದಿದೆ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರೆದುಕೊಳ್ಳಿ, ಐದರಿಂದ ಭಾಗಿಸಿ, ಬಂದದ್ದನ್ನು ಮೀಟರಿನಲ್ಲೇ ಬರೆದ ಪೈಪಿನ ದಪ್ಪದಿಂದ ಭಾಗಿಸಿ. ದುಂಡು ಪೈಪಾದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದು ಹೆಚ್ಚುಕಡಿಮೆ ಸಿಕ್ಕಿತು. ಹೊರಗಿನಿಂದ ಅಳೆದರೆ 25 ಮಿ.ಮೀ. ಇರುವ ಪೈಪು 60ರ ಗಾಳಿಯಲ್ಲಿ ಸುಮಾರು 133 ಹರ್ಟ್ಜ್‌ನಲ್ಲೂ 80ರಲ್ಲಿ ಸುಮಾರು 178ರಲ್ಲೂ ಗುಂಯ್‌ಗುಡುತ್ತದೆ. ಗಂಡಸಿನ ಮಾತಿನ ದನಿಯ ಆಸುಪಾಸಿನ ಸ್ವರ ಅದು. ಅದಕ್ಕೇ ಕ್ಯಾಬಿನ್ನಿನಲ್ಲಿ ಮಾತಾಡುವುದು ಅಷ್ಟು ಕಷ್ಟ. ಅದೇ 80ರಲ್ಲಿ 12 ಮಿ.ಮೀ. ಸರಳು 370ರಲ್ಲಿ ಕೂಗುತ್ತದೆ, 6 ಮಿ.ಮೀ. ತಂತಿ 740ರಲ್ಲಿ ಚೀರುತ್ತದೆ. ಚೌಕ ಪೈಪಿಗೆ ಲೆಕ್ಕ ಬೇರೆ, ಸ್ವರ ಇನ್ನೂ ಕೆಳಗಿಳಿಯುತ್ತದೆ. ಆದರೆ ಅಂಚು ಚೂಪಾಗಿರುವುದರಿಂದ ಸದ್ದಿನ ಉಪದ್ರವ ಕಮ್ಮಿಯಾಗುತ್ತದೆ ಎಂದು ನಂಬಬೇಡಿ.

ಈ ಲೆಕ್ಕದ ನಿಜವಾದ ಉಪಯೋಗ ಕಳ್ಳನನ್ನು ಹಿಡಿಯುವುದಕ್ಕೆ. ಕ್ಯಾರಿಯರಿನಲ್ಲಿ ಅಡ್ಡಪೈಪು ಇರುತ್ತದೆ, ಸುತ್ತ ಸರಳಿನ ಕಟಾಂಜನ ಇರುತ್ತದೆ, ಮೇಲೊಂದು ವಯರು ಇರುತ್ತದೆ. ಕೂಗುತ್ತಿರುವುದು ಇವುಗಳಲ್ಲಿ ಯಾವುದು? ಮೊಬೈಲಿಗೆ ಸದ್ದಿನ ಆವರ್ತನ ತೋರಿಸುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಪಕ್ಕದ ಸೀಟಿನಲ್ಲಿ ಒಬ್ಬರು ಅದನ್ನು ಹಿಡಿದು ಕೂರಲಿ, ಡ್ರೈವರ್ ಒಂದೇ ವೇಗದಲ್ಲಿ ಓಡಿಸಲಿ. ಗಾಳಿ 80ರದ್ದಾದರೆ, ಪರದೆಯಲ್ಲಿ ಎದ್ದುಕಾಣುವ ಕೋಡು 180ರ ಹತ್ತಿರ ಇದ್ದರೆ ಪೈಪು, 370ರ ಹತ್ತಿರ ಇದ್ದರೆ ಸರಳು. ಕ್ಯಾಬಿನ್ನಿನ ಮುಂಗಟ್ಟಿನ ಮೇಲೆ ಗಾಳಿ ಗಾಡಿಗಿಂತ ಜೋರಾಗಿ ಹರಿಯುವುದರಿಂದ ಅಂಕಿ ಸ್ವಲ್ಪ ಮೇಲೇ ಬರಬಹುದು, ಗಾಬರಿಯಾಗಬೇಡಿ. ಬಿಣಗಾದ ಸುರಂಗದಲ್ಲಿ ಈ ಪರೀಕ್ಷೆ ಬೇಡ. ಗೋಡೆಗೆ ಬಡಿದು ಮರಳುವ ಸದ್ದಿನಲ್ಲಿ ಪಕ್ಕದ ಲಾರಿಯದ್ದೂ ನಿಮ್ಮದೂ ಕಲಸಿಹೋಗುತ್ತದೆ.

ಪೈಪು ಯಾಕೆ ಕೂಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇನ್ನೂ ಮೂವತ್ತು ವರ್ಷ ತಡವಾಗಿ, ಗಾಟಿಂಗೆನ್ನಿನಲ್ಲಿ. ಆ ಕಥೆಯನ್ನು ಹೇಳಲೇಬೇಕು, ಯಾಕೆಂದರೆ ನಮ್ಮ ವೆಲ್ಡಿಂಗ್ ಅಂಗಡಿಗಳ ಕಥೆಯೂ ಅದೇ. ಪ್ರಾಂಟಲ್ ಎಂಬ ಪ್ರಾಧ್ಯಾಪಕರ ಕೈಕೆಳಗೆ ಹೀಮೆನ್ಸ್ ಎಂಬ ವಿದ್ಯಾರ್ಥಿ ಹರಿಯುವ ನೀರಿನಲ್ಲಿ ದುಂಡುಕಂಬ ನಿಲ್ಲಿಸಿ ಅದರ ಸುತ್ತ ಒತ್ತಡ ಅಳೆಯಲು ಹೊರಟಿದ್ದ. ಅಳತೆ ನಿಲ್ಲುತ್ತಲೇ ಇರಲಿಲ್ಲ, ಕಂಬದ ಹಿಂದಿನ ಹರಿವು ಅತ್ತಿತ್ತ ತೂಗಾಡುತ್ತಿತ್ತು. “ನಿನ್ನ ಕಂಬ ಸರಿಯಾಗಿ ದುಂಡಗಿಲ್ಲ” ಎಂದರು ಗುರುಗಳು. ಹುಡುಗ ಕಷ್ಟಪಟ್ಟು ಉಜ್ಜಿ ಉಜ್ಜಿ ದುಂಡಗೆ ಮಾಡಿದ. ತೂಗಾಟ ನಿಲ್ಲಲಿಲ್ಲ. ಹಾಗಾದರೆ ಕಾಲುವೆಯೇ ಸೊಟ್ಟಗಿರಬೇಕು ಅಂತಾಯಿತು. ಕಾಲುವೆಯನ್ನೂ ತಿದ್ದಿದ. ಊಹೂಂ. ಅಲ್ಲೇ ಇದ್ದ ಯುವಕ ಥಿಯೋಡರ್ ಫಾನ್ ಕಾರ್ಮನ್ ದಿನಾ ಬೆಳಿಗ್ಗೆ ಬಂದು “ಇವತ್ತು ನಿಂತಿತಾ?” ಎಂದು ಕೇಳುವುದು, ಹೀಮೆನ್ಸ್ ಸಪ್ಪೆ ಮುಖ ಮಾಡಿ ಇಲ್ಲ ಎನ್ನುವುದು. ಕೊನೆಗೆ ಕಾರ್ಮನ್ನರಿಗೆ ಹೊಳೆಯಿತು: ಇಷ್ಟು ಮಾಡಿದರೂ ನಿಲ್ಲದಿದ್ದರೆ ಅದು ದೋಷವಲ್ಲ, ಹರಿವಿನ ಸ್ವಭಾವವೇ ಹಾಗೆ. ದುಂಡುವಸ್ತುವಿನ ಹಿಂದೆ ಸುಳಿಗಳು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಸರದಿ ತಪ್ಪದೆ ಕಳಚಿಕೊಳ್ಳುತ್ತವೆ. 1911-12ರಲ್ಲಿ ಅವರು ಅದರ ಗಣಿತ ಬರೆದರು. ಅಂದಿನಿಂದ ಆ ಸುಳಿಸಾಲಿಗೆ ಕಾರ್ಮನ್ನರದೇ ಹೆಸರು.

ಅಡ್ಡಪೈಪಿನ ಹಿಂದೆ ಆಗುತ್ತಿರುವುದೂ ಇದೇ. ಮೇಲಂಚಿನಿಂದ ಒಂದು ಸುಳಿ, ಕೆಳಂಚಿನಿಂದ ಒಂದು, ಮತ್ತೆ ಮೇಲಿನಿಂದ. ಒಂದೊಂದು ಸುಳಿ ಕಳಚಿದಾಗಲೂ ಪೈಪಿಗೆ ಮೇಲಕ್ಕೋ ಕೆಳಕ್ಕೋ ಸಣ್ಣ ತಳ್ಳು ಬೀಳುತ್ತದೆ. ಸೆಕೆಂಡಿಗೆ ನೂರೆಂಬತ್ತು ಸಲ ಮೇಲಕ್ಕೂ ಅಷ್ಟೇ ಸಲ ಕೆಳಕ್ಕೂ ಬೀಳುವ ಈ ತಳ್ಳೇ ಸ್ವರ. ಪೈಪು ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪ, ಒಂದೇ ನುಣುಪು ಇದ್ದರೆ ಉದ್ದಕ್ಕೂ ಸುಳಿಗಳೆಲ್ಲ ಒಂದೇ ಏಟಿಗೆ ಕಳಚುತ್ತವೆ, ಸದ್ದೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಅಂದರೆ ಒಳ್ಳೆ ಪೈಪು ಆರಿಸಿ, ಗ್ರೈಂಡರ್ ಹಿಡಿದು, ಪುಟ್ಟಿ ಹಚ್ಚಿ, ಹೊಳೆಯುವ ಬಣ್ಣ ಹೊಡೆಸಿ ಮಾಡಿಸಿದ ಕ್ಯಾರಿಯರೇ ಹೆಚ್ಚು ಕೂಗುತ್ತದೆ. ತುಕ್ಕು ಹಿಡಿದು, ವೆಲ್ಡಿಂಗಿನ ಗಂಟು ಎದ್ದು, ಅಲ್ಲಲ್ಲಿ ಹಗ್ಗದ ತುಂಡು ಉಳಿದುಕೊಂಡ ಹಳೆಯದು ಸುಮ್ಮನಿರುತ್ತದೆ. ಹೊಸದಾಗಿ ಮಾಡಿಸಿದವನಿಗೆ ಇದು ಹೊಟ್ಟೆ ಉರಿಸುವ ಸಂಗತಿಯೇ. ಆದರೆ ಮದ್ದೂ ಇದರಲ್ಲೇ ಇದೆ: ಪೈಪಿನ ಅಚ್ಚುಕಟ್ಟನ್ನು ಕೆಡಿಸಬೇಕು.

ಕೆಡಿಸುವುದಕ್ಕೆ ಹಗ್ಗ ಸಾಕು. 25 ಮಿ.ಮೀ. ಪೈಪಿಗೆ 4-5 ಮಿ.ಮೀ. ದಪ್ಪದ ಹಗ್ಗವನ್ನು ಬಳ್ಳಿ ಹಬ್ಬಿಸಿದಂತೆ ಓರೆಯಾಗಿ ಸುತ್ತುತ್ತ ಹೋಗಿ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಪೈಪಿನ ದಪ್ಪದ ನಾಲ್ಕೈದು ಪಟ್ಟು, ಅಂದರೆ 10-12 ಸೆಂ.ಮೀ. ಅಂತರವಿರಲಿ. ಈಗ ಸುಳಿ ಕಳಚುವ ಜಾಗ ಪೈಪಿನ ಉದ್ದಕ್ಕೂ ಒಂದೇ ಕಡೆ ಇರುವುದಿಲ್ಲ. ಒಂದು ಕಡೆ ಮೇಲಿನ ಸುಳಿ ಬಿಡುವ ಹೊತ್ತಿಗೆ ಗೇಣು ದೂರದಲ್ಲಿ ಕೆಳಗಿನದು ಬಿಡುತ್ತಿರುತ್ತದೆ. ಏಕನಾದ ಒಡೆದು ಚೂರಾಗಿ ಬರೀ ಗಾಳಿಯ ‘ಸುಯ್’ ಉಳಿಯುತ್ತದೆ.

ಇಲ್ಲೊಂದು ಎಡವಟ್ಟು ಬಹಳ ಸಾಮಾನ್ಯ. ಹಗ್ಗ ಸುತ್ತು ಅಂದರೆ ನಮ್ಮ ಹುಡುಗರು ಸೈಕಲ್ ಹ್ಯಾಂಡಲ್ಲಿಗೆ ಸುತ್ತಿದ ಹಾಗೆ ಒತ್ತೊತ್ತಾಗಿ, ಒಂದು ಎಳೆಗೂ ಇನ್ನೊಂದಕ್ಕೂ ಸಂದಿಲ್ಲದ ಹಾಗೆ ಚೆಂದ ಮಾಡಿ ಸುತ್ತಿ ಕೊಡುತ್ತಾರೆ. ಅರ್ಧ ದಿನದ ಕೆಲಸ, ನೋಡಲಿಕ್ಕೂ ಭಾರಿ ಚೆಂದ. ಆದರೆ ಅದರಿಂದ ಆದದ್ದೇನು? 25 ಮಿ.ಮೀ. ಪೈಪು 35 ಮಿ.ಮೀ. ಪೈಪಾಯಿತು. ಸ್ವರ 178ರಿಂದ 127ಕ್ಕೆ ಇಳಿಯಿತು. ಮತ್ತೆ ಅದೇ ಗುಂಯ್, ಸ್ವಲ್ಪ ದಪ್ಪ ದನಿಯಲ್ಲಿ. ಸಂದಿ ಇರಲೇಬೇಕು, ಓರೆ ಇರಲೇಬೇಕು. ಅಂತರ ಅಲ್ಲಲ್ಲಿ ಹೆಚ್ಚುಕಮ್ಮಿಯಾದರೆ ಇನ್ನೂ ಒಳ್ಳೆಯದು. ಕೆಲಸದ ಮೇಲೆ ಮರ್ಯಾದೆ ಇಟ್ಟುಕೊಂಡ ಮೇಸ್ತ್ರಿಗೆ ಇದನ್ನು ಒಪ್ಪಿಸುವುದೇ ಕಷ್ಟ.

ಹಗ್ಗ ಯಾವುದು ಎಂಬುದಕ್ಕೂ ಕರಾವಳಿಯಲ್ಲಿ ಬೆಲೆಯಿದೆ. ಕತ್ತದ ಹಗ್ಗ ಬೇಡ. ಅದು ಮಳೆನೀರು ಕುಡಿದು, ಉಪ್ಪುಗಾಳಿಯನ್ನೂ ಸೇರಿಸಿಕೊಂಡು, ತಾನು ಕೂತ ಜಾಗದಲ್ಲಿ ಪೈಪನ್ನು ತಿನ್ನುತ್ತದೆ. ಮೀನುಗಾರಿಕೆ ಸಾಮಾನಿನ ಅಂಗಡಿಗಳಲ್ಲಿ ತೂಕಕ್ಕೆ ಸಿಗುವ, ಬಲೆಗೆ ಹಾಕುವ ಹೆಣೆದ ಪ್ಲಾಸ್ಟಿಕ್ ಹಗ್ಗ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ನೀರು ಹೀರುವುದಿಲ್ಲ. ಬಿಸಿಲಿಗೆ ಮಾತ್ರ ನಾರುನಾರಾಗಿ ಪುಡಿಯಾಗುತ್ತದೆ, ವರ್ಷಕ್ಕೊಮ್ಮೆ ಬದಲಿಸಿದರಾಯಿತು. ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ ಒತ್ತಿ, ಎರಡೂ ಕಡೆ ಕೇಬಲ್ ಟೈ ಹಾಕಿ ಬಿಗಿಯಿರಿ, ಟೈಯ ಬಾಲವನ್ನು ಬುಡಕ್ಕೆ ಕತ್ತರಿಸಿ. ಆ ಎರಡಿಂಚಿನ ಬಾಲ ಗಾಳಿಗೆ ಅದುರುತ್ತ ಬೇರೆಯೇ ಒಂದು ಕಿರಿಕಿರಿ ಶುರು ಮಾಡುತ್ತದೆ. ಹಗ್ಗದ ಬದಲು ಹಳೆ ಸೈಕಲ್ ಟ್ಯೂಬನ್ನು ಪಟ್ಟಿ ಕೊಯ್ದು ಎರಡು ಮಡಿಕೆ ಮಾಡಿ ಸುತ್ತಿದರೂ ನಡೆಯುತ್ತದೆ, ಜಾರುವುದೂ ಕಡಿಮೆ.

ಎಲ್ಲ ಪೈಪಿಗೂ ಸುತ್ತಬೇಕಾಗಿಲ್ಲ. ಗಾಡಿಯ ಉದ್ದಕ್ಕೆ ಹೋಗುವ ಪೈಪುಗಳು ಗಾಳಿಗೆ ಮುಖ ಕೊಡುವುದಿಲ್ಲ, ಅವು ನಿರಪರಾಧಿಗಳು. ಅಡ್ಡಪೈಪುಗಳಲ್ಲೂ ಎಲ್ಲಕ್ಕಿಂತ ಮುಂದಿನದೇ ದೊಡ್ಡ ಅಪರಾಧಿ. ಬೊಲೆರೊ ಪಿಕಪ್ ಥರದ ಗಾಡಿಗಳಲ್ಲಿ ಮುಂಗಾಜು ಬಹುಪಾಲು ನೆಟ್ಟಗೆ ನಿಂತಿರುತ್ತದೆ. ಅದಕ್ಕೆ ಬಡಿದ ಗಾಳಿ ಮೇಲೆ ಚಿಮ್ಮಿ, ಸೂರಿನ ಮುಂಚೂಣಿಯಲ್ಲಿ ಜೋರು ಪಡೆದು ಹಾರುತ್ತದೆ. ಸರಿಯಾಗಿ ಆ ಜಾಗದಲ್ಲೇ ನಾವು ಕ್ಯಾರಿಯರಿನ ಮೊದಲ ಪೈಪನ್ನು ಕೂರಿಸಿರುತ್ತೇವೆ, ಸೂರಿಗೂ ಅದಕ್ಕೂ ಎರಡು ಬೆರಳು ಸಂದಿ ಬಿಟ್ಟು. ಇಡೀ ಕ್ಯಾರಿಯರನ್ನು ಒಂದು ಗೇಣು ಹಿಂದೆ ಸರಿಸಿದರೆ ಎಷ್ಟೋ ಗಾಡಿಗಳ ಗಲಾಟೆ ಅರ್ಧಕ್ಕಿಳಿಯುತ್ತದೆ. ಬೋಲ್ಟು ಬಿಗಿಯುವುದರಿಂದ ಏನೂ ಪ್ರಯೋಜನವಿಲ್ಲವೇ ಅಂದರೆ, ಒಂದು ಸಂದರ್ಭದಲ್ಲಿ ಇದೆ. ಸುಳಿಗಳ ತಾಳ ಪೈಪಿನ ಸ್ವಂತ ಕಂಪನಕ್ಕೆ ಸರಿಹೊಂದಿಬಿಟ್ಟರೆ ಪೈಪೇ ಅದುರತೊಡಗಿ, ಕಾಲಿನ ಮೂಲಕ ಆ ಅದುರು ಸೂರಿನ ತಗಡಿಗಿಳಿದು, ಕ್ಯಾಬಿನ್ ಡೋಲಾಗುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ, ಅರವತ್ತೆಂಟಕ್ಕೆ ಬಂದು ಎಪ್ಪತ್ತೆರಡಕ್ಕೆ ಹೋಗಿಬಿಡುವ ಸದ್ದಾದರೆ ಇದೇ ಎಂದು ತಿಳಿಯಿರಿ. ಆಗ ನಡುವೆ ಇನ್ನೊಂದು ಆಧಾರ ಕೊಟ್ಟು, ಕಾಲಿನಡಿ ದಪ್ಪ ರಬ್ಬರ್ ತುಂಡು ಇಟ್ಟು ಬಿಗಿಯುವುದು ಸರಿ.

ಹಗ್ಗ ಸುತ್ತುವುದು ನಾಟಿ ಉಪಾಯದಂತೆ ಕಂಡರೆ, ಹಾಗೇನಿಲ್ಲ. ಕಾರ್ಖಾನೆಗಳ ಉಕ್ಕಿನ ಚಿಮಣಿಗಳ ತಲೆಯ ಬಳಿ ಸ್ಕ್ರೂವಿನ ಎಳೆಯಂತೆ ಸುತ್ತಿಕೊಂಡ ತಗಡಿನ ರೆಕ್ಕೆಗಳನ್ನು ನೋಡಿದ್ದರೆ, ಅದೂ ಇದೇ ಮದ್ದು. 1950ರ ದಶಕದಲ್ಲಿ ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಕ್ರಿಸ್ಟೋಫರ್ ಸ್ಕ್ರೂಟನ್ ಮತ್ತವರ ಸಂಗಡಿಗರು ಗಾಳಿಗೆ ಚಿಮಣಿಗಳು ತೂಗಾಡುವುದನ್ನು ತಡೆಯಲು ಇದನ್ನು ರೂಪಿಸಿದರು. ರೆಕ್ಕೆಯ ಎತ್ತರ ಚಿಮಣಿಯ ದಪ್ಪದ ಹತ್ತನೇ ಒಂದು ಪಾಲು, ಒಂದು ಸುತ್ತಿಗೆ ದಪ್ಪದ ಐದು ಪಟ್ಟು ಉದ್ದ, ಒಟ್ಟು ಮೂರು ಎಳೆ ಎನ್ನುವುದು ಅಲ್ಲಿಂದ ಬಂದ ರೂಢಿ. ನಮ್ಮ ಹಗ್ಗದ ಲೆಕ್ಕವೂ ಅದರದೇ ಬಡ ತಮ್ಮ. ಕಾರಿನ ರೇಡಿಯೊ ಏರಿಯಲ್ಲಿಗೆ ಸುರುಳಿ ತಂತಿ ಸುತ್ತಿರುತ್ತಾರಲ್ಲ, ಅದು ಅಲಂಕಾರಕ್ಕಲ್ಲ, ಶಿಳ್ಳೆ ಹೊಡೆಯಬಾರದೆಂದು. ಕೈಗಾ, ಕದ್ರಾ ಕಡೆಯಿಂದ ಘಟ್ಟ ಹತ್ತುವ ಹೈಟೆನ್ಷನ್ ಲೈನುಗಳಿಗೆ ಇದೇ ಸುಳಿಗಳ ಕಾಟ. ಅಂಥ ತಂತಿಗಳಲ್ಲಿ ಕಂಬದ ಹತ್ತಿರ ಪುಟ್ಟ ಡಂಬೆಲ್ ನೇತುಹಾಕಿರುತ್ತಾರೆ. ಅಮೆರಿಕದ ಎಂಜಿನಿಯರ್ ಜಾರ್ಜ್ ಸ್ಟಾಕ್‌ಬ್ರಿಜ್ 1920ರ ದಶಕದಲ್ಲಿ ಕಂಡುಹಿಡಿದ ಉಪಕರಣ ಅದು. ತಂತಿಯ ಅದುರನ್ನು ತಾನು ಹೀರಿಕೊಂಡು, ವರ್ಷಗಟ್ಟಲೆ ಅದುರಿ ತಂತಿಯ ಎಳೆಗಳು ತುಂಡಾಗದಂತೆ ಕಾಯುತ್ತದೆ.

ಇಷ್ಟೆಲ್ಲ ಗುಂಯ್‌ಗುಡುವ ಸದ್ದಿನ ಮಾತಾಯಿತು. ಸಿಳ್ಳೆಯ ಜಾತಿ ಬೇರೆ. ಖಾಲಿ ಸೋಡಾ ಬಾಟಲಿಯ ಬಾಯಿಗೆ ಅಡ್ಡ ಊದಿದರೆ ಬರುವಂಥ ಸದ್ದು ಕೇಳಿಸಿದರೆ, ಎಲ್ಲೋ ಪೈಪಿನ ತೆರೆದ ಬಾಯಿ ಗಾಳಿಗೆ ಒಡ್ಡಿಕೊಂಡಿದೆ ಎಂದು ಅರ್ಥ. ಇದರ ಗುರುತು ಸುಲಭ: ವೇಗ ಏರಿದರೂ ಸ್ವರ ಬಹಳ ಏರುವುದಿಲ್ಲ, ಯಾವುದೋ ಒಂದು ವೇಗಕ್ಕೆ ಬಂದಾಗ ಥಟ್ಟನೆ ಹೊರಟು, ಮುಂದೆ ಥಟ್ಟನೆ ನಿಲ್ಲುತ್ತದೆ. ಕೊರೆದು ಬಿಟ್ಟ ಬೋಲ್ಟಿನ ತೂತು, ತೂತುತಗಡಿನ ಹಲಗೆ, ಕ್ಯಾರಿಯರಿನ ಮೇಲೆ ಕಟ್ಟಿದ ಅಲ್ಯೂಮಿನಿಯಂ ಏಣಿಯ ಟೊಳ್ಳು ಮೆಟ್ಟಿಲು, ಎಲ್ಲವೂ ಇದೇ ಕೆಲಸ ಮಾಡುತ್ತವೆ. ಕಾಳಿದಾಸನ ಕಾವ್ಯಗಳಲ್ಲಿ ಗಾಳಿ ಹೊಕ್ಕು ಉಲಿಯುವ ತೂತುಬಿದಿರು ಬರುತ್ತದೆ. ಅಲ್ಲಿ ಅದು ವನದೇವತೆಗಳ ಗಾನಕ್ಕೆ ಜೊತೆ. ಹೆದ್ದಾರಿಯಲ್ಲಿ ಆ ಕಾವ್ಯ ಅರ್ಧ ಗಂಟೆಗಿಂತ ಹೆಚ್ಚು ಸಹಿಸಲಾಗುವುದಿಲ್ಲ.

ತೂತು ಮುಚ್ಚಿದರೆ ಸಿಳ್ಳೆ ನಿಲ್ಲುತ್ತದೆ. ಕುರ್ಚಿ ಕಾಲಿಗೆ ಹಾಕುವ ಪ್ಲಾಸ್ಟಿಕ್ ಬುಚ್ಚು ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲ ಅಳತೆಗೂ ಸಿಗುತ್ತದೆ. ಆದರೆ ಸುಮಾರು 3000 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಪೈಪಿನ ಎರಡೂ ಬಾಯಿ ಬಿಗಿದು ಕೂರುವುದು ಅಪಾಯ. ವೆಲ್ಡಿಂಗಿನ ಸೂಜಿಮೊನೆಯಷ್ಟು ಸಂದಿಯಿಂದಲೂ ನೀರು ಒಳಹೊಗುತ್ತದೆ, ಹೊರಬರಲು ದಾರಿ ಇರುವುದಿಲ್ಲ. ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಪೈಪು ಹಪ್ಪಳವಾಗಿರುತ್ತದೆ. ಗೊತ್ತಾಗುವುದು ಒಂದು ದಿನ ಸಾಮಾನು ಸಮೇತ ಮುರಿದು ಬಿದ್ದಾಗ. ಅದಕ್ಕೆ ಬುಚ್ಚು ಹಾಕಿದ ಮೇಲೆ ಪೈಪಿನ ತಳಭಾಗದಲ್ಲಿ, ಗಾಳಿಗೆ ಬೆನ್ನಾಗುವಂತೆ, 4 ಮಿ.ಮೀ.ನ ಒಂದು ತೂತು ಕೊರೆದು ಬಿಡಿ. ನೀರು ಸೋರಿ ಹೋಗುತ್ತದೆ, ಸಿಳ್ಳೆ ಹಾಕುವಷ್ಟು ಗಾಳಿ ಅಲ್ಲಿಗೆ ತಲುಪುವುದಿಲ್ಲ. ಪೈಪಿನ ಬಾಯಿಗೆ ಬಟ್ಟೆ, ಸ್ಪಂಜು ತುರುಕುವುದನ್ನು ಮಾತ್ರ ಯಾರೂ ಮಾಡಬಾರದು. ಉಪ್ಪುನೀರಿನಲ್ಲಿ ನೆನೆದ ಬಟ್ಟೆಯನ್ನು ಕಬ್ಬಿಣದ ಹೊಟ್ಟೆಯೊಳಗಿಟ್ಟು ಹೊಲಿದಂತಾಗುತ್ತದೆ.

ಫಟಫಟ, ಪಟಪಟ ಎನ್ನುವುದು ಮೂರನೇ ಜಾತಿ. ತಾಡಪಾಲಿನ ಅಂಚು, ಸಾಮಾನು ಬಿಗಿಯುವ ಚಪ್ಪಟೆ ಪಟ್ಟಿ ಇದರ ಮೂಲ. ಚಪ್ಪಟೆ ಪಟ್ಟಿಯನ್ನು ನೇರವಾಗಿ ಎಳೆದು ಕಟ್ಟಿದರೆ ಅದು ಗಾಳಿಯಲ್ಲಿ ಬಡಿದುಕೊಳ್ಳುತ್ತದೆ, ಎಷ್ಟು ಬಿಗಿದರೂ ಅಷ್ಟೆ. ಕಟ್ಟುವ ಮುಂಚೆ ಎರಡು ಮೂರು ಸುತ್ತು ಹುರಿ ಹಾಕಿ ಕಟ್ಟಿ ನೋಡಿ, ಸದ್ದಿಲ್ಲ. ಹಗ್ಗ ಸುತ್ತಿದ್ದರ ಹಿಂದಿನ ನ್ಯಾಯವೇ ಇಲ್ಲೂ ಕೆಲಸ ಮಾಡುತ್ತದೆ. ಮೇ ತಿಂಗಳಲ್ಲಿ ಕರಿ ಇಶಾಡು ಮಾವಿನ ಬುಟ್ಟಿ ಹೇರಿಕೊಂಡು ಅಂಕೋಲಾದಿಂದ ಹೊರಡುವ ಗಾಡಿಗಳ ತಾಡಪಾಲು ನೋಡಿದರೆ, ಅನುಭವಸ್ಥರು ಅಂಚನ್ನು ಒಳಕ್ಕೆ ಮಡಿಸಿ, ಮುಂದಿನಿಂದ ಹಿಂದಕ್ಕೆ ಹೆಂಚು ಹೊದೆಸಿದ ಕ್ರಮದಲ್ಲಿ ಒಂದರ ಮೇಲೊಂದು ಬರುವಂತೆ ಕಟ್ಟಿರುತ್ತಾರೆ. ಸದ್ದಿಗಾಗಿ ಅಲ್ಲ, ತಾಡಪಾಲು ಹರಿಯಬಾರದೆಂದು. ಸದ್ದು ನಿಂತದ್ದು ಲಾಭ.

ಇನ್ನು ಗಾಳಿತಡೆ. ಕ್ಯಾರಿಯರಿನ ಮುಂದೆ ಓರೆಯಾಗಿ ಒಂದು ಹಲಗೆ ನಿಲ್ಲಿಸಿ ಗಾಳಿಯನ್ನೇ ಮೇಲಿಂದ ಹಾರಿಸಿಬಿಡುವ ಉಪಾಯ. ಹಗ್ಗಕ್ಕಿಂತ ಪರಿಣಾಮಕಾರಿ, ಸರಿಯಾಗಿ ಮಾಡಿದರೆ. ಅಂಗಡಿ ಬೋರ್ಡು ಮಾಡುವವರ ಬಳಿ ಉಳಿದ ಎಸಿಪಿ ಶೀಟಿನ ತುಂಡು ಇದಕ್ಕೆ ಸಾಕಾಗುತ್ತದೆ. ಹಲಗೆ ನೆಟ್ಟಗೆ ನಿಲ್ಲಬಾರದು, ಹಿಂದಕ್ಕೆ ಚೆನ್ನಾಗಿ ವಾಲಿರಬೇಕು. ಕೆಳಂಚು ಸೂರಿಗೆ ತಾಗುವಷ್ಟು ಹತ್ತಿರ ಬಂದು, ನಡುವಿನ ಸಂದಿಯನ್ನು ಬಾಗಿಲಿನ ರಬ್ಬರ್ ಬೀಡಿಂಗ್ ಮುಚ್ಚಬೇಕು. ಆ ಸಂದಿ ಬಿಟ್ಟರೆ ಮೊದಲಿಗಿಂತ ಕೆಟ್ಟ ಸದ್ದು ಗ್ಯಾರಂಟಿ. ಸ್ಕ್ರೂ ಹಾಕಿ ಕೈಬಿಡುವ ಕೆಲಸವೂ ಇದಲ್ಲ, ವಾಷರ್ ಸಮೇತ ಬೋಲ್ಟು, ಲಾಕ್ ನಟ್ಟು ಬೇಕು. 80ರ ವೇಗದಲ್ಲಿ ಕಿತ್ತು ಹಾರಿದ ಹಲಗೆ ಹಿಂದೆ ಬರುವ ಬೈಕಿನವನ ಕುತ್ತಿಗೆಗೆ ಬಂದರೆ ಸದ್ದಿನ ಲೇಖನ ಯಾರಿಗೆ ಬೇಕು?

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡು ಮಾಡುವಂತಿಲ್ಲ. ಸಾಮಾನು ಮಿತಿ ಮೀರಿ ಮುಂದಕ್ಕೋ ಹಿಂದಕ್ಕೋ ಪಕ್ಕಕ್ಕೋ ಎತ್ತರಕ್ಕೋ ಚಾಚಿಕೊಂಡಿದ್ದರೆ 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಇಳಿಸುವ ಖರ್ಚು ಬೇರೆ. ಶಾಮಿಯಾನದ ಬೊಂಬು, ಪ್ಲಂಬಿಂಗ್ ಪೈಪು ಸಾಗಿಸುವವರು ಇದನ್ನು ಮರೆಯದಿದ್ದರೆ ಒಳ್ಳೆಯದು. ಕ್ಯಾರಿಯರನ್ನು ಸೂರಿಗೆ ವೆಲ್ಡ್ ಮಾಡಿಸುವುದಕ್ಕಿಂತ ಬೋಲ್ಟಿನಲ್ಲಿ ಕೂರಿಸುವುದು ಮೇಲು ಎನ್ನುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಡೀಸೆಲ್. ಅಮೆರಿಕದ ಸಂಶೋಧಕರಾದ ಅಲನ್ ಮೈಯರ್ ಮತ್ತು ಯುಚೆ ಚೆನ್ 2016ರಲ್ಲಿ ಕಾರುಗಳ ತಲೆಮೇಲಿನ ಕ್ಯಾರಿಯರಿನಿಂದ ಇಂಧನದ ಖರ್ಚು ಶೇ 25ರವರೆಗೂ ಏರಬಹುದೆಂದು ಲೆಕ್ಕ ಹಾಕಿದ್ದರು. ಪಿಕಪ್ಪಿನ ಡಬ್ಬಿ ಆಕಾರಕ್ಕೆ ಆ ಅಂಕಿ ನೇರ ಅನ್ವಯಿಸದು, ಆದರೆ ಸುಳಿ ಎಬ್ಬಿಸಲು ಖರ್ಚಾಗುವ ಶಕ್ತಿ ಎಲ್ಲ ಗಾಡಿಯಲ್ಲೂ ಟ್ಯಾಂಕಿನಿಂದಲೇ ಬರಬೇಕು. ತಿಂಗಳಲ್ಲಿ ಎರಡು ಸಲ ಏಣಿ ಹೇರುವವನು ಉಳಿದ ದಿನಗಳಲ್ಲಿ ನಾಲ್ಕು ಬೋಲ್ಟು ಬಿಚ್ಚಿ ಕ್ಯಾರಿಯರನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟರೆ, ಅದಕ್ಕಿಂತ ಒಳ್ಳೆಯ ಮದ್ದು ಮತ್ತೊಂದಿಲ್ಲ. ಯಾರೂ ಮಾಡುವುದಿಲ್ಲ ಎನ್ನುವುದು ಬೇರೆ ಮಾತು.

ರೆಕ್ಕೆಯಾಕಾರದ ಅಲ್ಯೂಮಿನಿಯಂ ಬಾರುಗಳನ್ನು ತರಿಸಿಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಕಾರಿಗಾದರೆ ಆಗಬಹುದು. ಮೀನಿನ ಕ್ರೇಟು, ಬಲೆ, ಮೋಟಾರು ಹೇರುವ ಗಾಡಿಗೆ ಅವು ದುಬಾರಿಯೂ ಹೌದು, ನಾಜೂಕೂ ಹೌದು. ಹೊಸದಾಗಿ ಮಾಡಿಸುವವರು ಮುಂದಿನ ಅಡ್ಡಪೈಪಿಗೆ ಮಾತ್ರ ಮೊಟ್ಟೆಯಾಕಾರದ ಪೈಪು ಸಿಗುತ್ತದೆಯೇ ವಿಚಾರಿಸಿ, ಅಡ್ಡಡ್ಡ ಮಲಗಿಸಿ ಹಾಕಿಸಿದರೆ ಹತ್ತಿರ ಹತ್ತಿರ ಅದೇ ಫಲ ಸಿಗುತ್ತದೆ.

ಇಷ್ಟೂ ಮಾಡಿದ ಮೇಲೆ ಮೊದಲ ಸಲ ಗಾಡಿ ಓಡಿಸುವಾಗ ಇನ್ಯಾವುದೋ ಸದ್ದು ಹೊಸದಾಗಿ ಕೇಳಿಸುತ್ತದೆ, ಎಲ್ಲರಿಗೂ. ಕೆಲಸ ಕೆಟ್ಟಿತೆಂದು ಹಗ್ಗ ಬಿಚ್ಚಿ ಎಸೆಯಬೇಡಿ. ಅದು ಮೊದಲೂ ಇತ್ತು, ಕ್ಯಾರಿಯರಿನ ಗದ್ದಲದ ಕೆಳಗೆ ಅಡಗಿತ್ತು. ಹೆಚ್ಚಿನ ಸಲ ಅದು ಬಲಬಾಗಿಲ ಮೇಲಂಚಿನ ಬೀಡಿಂಗು, ಡ್ರೈವರ್ ದಿನವೂ ಹತ್ತಿಳಿಯುವ ಕಡೆಯದು, ಸವೆದು ಚಪ್ಪಟೆಯಾಗಿರುತ್ತದೆ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ, ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಬೀಡಿಂಗು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಹಾಕಲು ಮೇಸ್ತ್ರಿಯೂ ಬೇಡ.